ಮೇಷ್ಟ್ರನ್ನು ಕೇಳಿ: ಚೆಂಡು ಒದೆಯದವನು ಕಟ್ಟಿದ ಲೀಗ್

ಕಳೆದ ಸಂಚಿಕೆಯಲ್ಲಿ ಯಾವುದೋ ಮಾತಿನ ಮಧ್ಯೆ ‘ಫುಟ್‌ಬಾಲ್ ಲೀಗ್ ಶುರು ಮಾಡಿದವನು ಒಬ್ಬ ಬಟ್ಟೆ ಅಂಗಡಿಯವನು’ ಎಂದು ಒಂದು ಸಾಲು ಬರೆದಿದ್ದೆ. ಅದೊಂದೇ ಸಾಲಿಗೆ ಮೂರು ಪತ್ರ ಬಂದಿವೆ. ಈ ಸಲ ಬೇರೆ ಪ್ರಶ್ನೆಗಳೆಲ್ಲ ಕಾಯಲಿ.

ಪ್ರಶ್ನೆ: ಮೇಷ್ಟ್ರೇ, ನಮ್ಮೂರಲ್ಲಿ ಮೂರು ವರ್ಷದಿಂದ ಫುಟ್‌ಬಾಲ್ ಟೂರ್ನಮೆಂಟ್ ನಡೆಸ್ತಾ ಇದ್ದೀವಿ. ಈ ವರ್ಷ ಎಂಟು ತಂಡ ಹೆಸರು ಕೊಟ್ಟು ಐದೇ ಬಂದವು. ಅದರಲ್ಲೂ ಎರಡು ತಂಡ ಮೊದಲ ಮ್ಯಾಚ್ ಸೋತು, ಊಟಕ್ಕೂ ನಿಲ್ಲದೆ ಜೀಪ್ ಹತ್ತಿ ಹೋದವು. ಲೀಗ್ ಮಾಡಿದ್ರೆ ಇದು ಸರಿಹೋಗುತ್ತಾ? ಬಟ್ಟೆ ವ್ಯಾಪಾರಿ ಅಂತ ಬರೆದಿದ್ರಲ್ಲ, ಅವನೂ ಆಟಗಾರನೇನಾ?
– ಓದುಗ, ಬಣಕಲ್

ಉತ್ತರ: ಆಟಗಾರನಲ್ಲಪ್ಪ. ವಿಲಿಯಂ ಮೆಕ್‌ಗ್ರೆಗರ್ ಎಂದು ಅವನ ಹೆಸರು. 1846ರಲ್ಲಿ ಸ್ಕಾಟ್ಲೆಂಡಿನ ಬ್ರೇಕೋ ಎಂಬ ಹಳ್ಳಿಯಲ್ಲಿ ಹುಟ್ಟಿದ, ಬಟ್ಟೆ ವ್ಯಾಪಾರ ಕಲಿತ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬಂದು ಆಸ್ಟನ್ ಭಾಗದಲ್ಲಿ ಅಂಗಡಿ ಇಟ್ಟ. ಅಲ್ಲಿನ ಆಸ್ಟನ್ ವಿಲಾ ಕ್ಲಬ್ಬಿನ ಹುಡುಗರ ಆಟ ನೋಡಿ ಮರುಳಾಗಿ ಕಮಿಟಿಗೆ ಸೇರಿಕೊಂಡ. ಆಡಿ ಹೆಸರು ಮಾಡಿದವನೇನಲ್ಲ. ಗಡ್ಡ ಬಿಟ್ಟ, ಹೆಂಡ ಮುಟ್ಟದ, ಲೆಕ್ಕ ಪಕ್ಕಾ ಇಟ್ಟುಕೊಳ್ಳುವ ಮನುಷ್ಯ. ಕಮಿಟಿಗೆ ಬೇಕಾದದ್ದೂ ಅಂಥವನೇ.

ಅವನ ಕಷ್ಟ ಏನು ಅಂತ ಹೇಳುವ ಮೊದಲು ನನ್ನ ಕಥೆ ಒಂದು ಕೇಳಿ. ಸುಮಾರು ಮೂವತ್ತು ವರ್ಷದ ಹಿಂದೆ ಹಾಸನದಲ್ಲಿ ನಾನೂ ನಾಲ್ಕು ಗೆಳೆಯರೂ ಸೇರಿ ಒಂದು ಭಾನುವಾರ ಮ್ಯಾಚ್ ಇಟ್ಟಿದ್ದೆವು. ಹೊರಗಿನ ಒಂದು ಒಳ್ಳೆಯ ತಂಡ ಬರುತ್ತೇನೆ ಎಂದು ಕಾರ್ಡ್ ಬರೆದಿತ್ತು. ಹಗ್ಗ ಕಟ್ಟಿ, ತಲೆಗೆ ಎರಡು ರೂಪಾಯಿ ಟಿಕೆಟ್ ಇಟ್ಟೆವು. ಮೂರು ಗಂಟೆ ಆಯಿತು, ಮೂರೂವರೆ ಆಯಿತು. ಮೈಕಿನವನು ‘ಇನ್ನೇನು ಬಂದೇಬಿಟ್ಟರು’ ಅಂತ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ. ಕಡಲೆಕಾಯಿ ಮಾರುವವಳ ಬುಟ್ಟಿ ಖಾಲಿಯಾಯಿತು. ಕೊನೆಗೆ ನನ್ನ ಹೈಸ್ಕೂಲ್ ಹುಡುಗರಿಗೆ ಬನಿಯನ್ ಹಾಕಿಸಿ ಇಳಿಸಿದೆ. ಒಂಬತ್ತು ಗೋಲು ತಿಂದರು. ಮುಗಿದ ಮೇಲೆ ಒಬ್ಬ ಅಜ್ಜ ಬಂದು, ಕೋಪವಿಲ್ಲದೆ, ‘ಮೇಷ್ಟ್ರೇ, ನನ್ನ ಎರಡು ರೂಪಾಯಿ’ ಎಂದು ಕೈ ಚಾಚಿದರು. ಕೊಟ್ಟೆ. ಆ ತಂಡದವರು ಅದೇ ದಿನ ಬೇರೆ ಕಡೆ ಕಪ್ ಮ್ಯಾಚಿಗೆ ಹೋಗಿದ್ದರಂತೆ.

1880ರ ದಶಕದ ಇಂಗ್ಲೆಂಡಿನಲ್ಲಿ ಮೆಕ್‌ಗ್ರೆಗರನ ಗೋಳೂ ಥೇಟ್ ಇದೇ. ಅಲ್ಲಿನ ಫುಟ್‌ಬಾಲ್ ಸಂಘ ನಡೆಸುವ ಎಫ್.ಎ. ಕಪ್ 1871ರಲ್ಲೇ ಶುರುವಾಗಿತ್ತು, ಅದು ನಾಕೌಟ್, ಅಂದರೆ ಒಮ್ಮೆ ಸೋತರೆ ಹೊರಗೆ. ಉಳಿದ ದಿನಗಳಲ್ಲಿ ಕ್ಲಬ್ಬುಗಳು ತಾವೇ ಪತ್ರ ಬರೆದುಕೊಂಡು ಸ್ನೇಹದ ಪಂದ್ಯ ಗೊತ್ತು ಮಾಡಿಕೊಳ್ಳಬೇಕು. ಅಷ್ಟರಲ್ಲಿ ಕಪ್ ಪಂದ್ಯ ಅಡ್ಡ ಬಂದರೆ ಸ್ನೇಹದ ಪಂದ್ಯಕ್ಕೆ ಎಳ್ಳುನೀರು, ಜನ ನೋಡಲು ಬಾರದ ಯಾವುದೋ ತಂಡವನ್ನು ಕರೆತಂದು ಆಡಿಸಬೇಕು. ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತೇನೋ. ಆದರೆ 1885ರಲ್ಲಿ ಆಟಗಾರರಿಗೆ ಸಂಬಳ ಕೊಟ್ಟು ಆಡಿಸಬಹುದು ಎಂದು ಆ ಸಂಘದ ನಿಯಮವಾಯಿತು. ಸಂಬಳ ವಾರ ವಾರ ಕೊಡಬೇಕು, ಗೇಟಿನ ಹಣ ಮಾತ್ರ ಬಂದರೆ ಬಂತು. ಅಂಗಡಿ ನಡೆಸುವವನಿಗೆ ಈ ಲೆಕ್ಕ ಎಲ್ಲಿ ಮುಳುಗುತ್ತದೆ ಎಂದು ಬೇಗ ಹೊಳೆಯುತ್ತದೆ.

1888ರ ಮಾರ್ಚ್ 2ರಂದು ಆತ ಒಂದು ಪತ್ರ ಬರೆದ. ಬ್ಲ್ಯಾಕ್‌ಬರ್ನ್, ಬೋಲ್ಟನ್, ಪ್ರೆಸ್ಟನ್, ವೆಸ್ಟ್ ಬ್ರಾಮ್‌ವಿಚ್ ಕ್ಲಬ್ಬುಗಳಿಗೆ, ಜೊತೆಗೆ ತನ್ನದೇ ಆಸ್ಟನ್ ವಿಲಾಗೆ. ಸಾರಾಂಶ ಇಷ್ಟು: ಹತ್ತು ಹನ್ನೆರಡು ದೊಡ್ಡ ಕ್ಲಬ್ಬುಗಳು ಸೇರಿ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಊರಿಗೆ ಒಂದು ಸಲ ಹೋಗಿ, ತಮ್ಮ ಊರಿಗೆ ಒಂದು ಸಲ ಕರೆಸಿ ಆಡೋಣ, ತಾರೀಖು ಮೊದಲೇ ಬರೆದಿಟ್ಟುಬಿಡೋಣ. ಮೂರೇ ವಾರದಲ್ಲಿ, ಮಾರ್ಚ್ 23ಕ್ಕೆ, ಲಂಡನ್ನಿನ ಫ್ಲೀಟ್ ಬೀದಿಯ ಆಂಡರ್ಟನ್ಸ್ ಹೋಟೆಲಿನಲ್ಲಿ ಮೊದಲ ಸಭೆ. ಮರುದಿನ ಲಂಡನ್ನಿನಲ್ಲಿ ಕಪ್ ಫೈನಲ್, ಹೇಗೂ ಜನ ಬಂದಿರುತ್ತಾರೆ ಎಂಬ ಲೆಕ್ಕ. ಏಪ್ರಿಲ್ 17ಕ್ಕೆ ಮ್ಯಾಂಚೆಸ್ಟರಿನಲ್ಲಿ ಇನ್ನೊಂದು ಸಭೆ ಮಾಡಿ ಗಟ್ಟಿ ಮಾಡಿಕೊಂಡರು.

ಆ ಫೈನಲಿನ ಮಾತೂ ಬರಲಿ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಅದೇ ಉತ್ತರ. ಪ್ರೆಸ್ಟನ್ ತಂಡ ಆ ಸಲದ ಕಪ್ಪಿನಲ್ಲಿ ಹೈಡ್ ಎಂಬ ತಂಡದ ಮೇಲೆ 26 ಗೋಲು ಹೊಡೆದಿತ್ತು. 26! ಅಂಥ ತಂಡ ಫೈನಲಿನಲ್ಲಿ 2-1ರಿಂದ ಸೋತು ಮನೆಗೆ ಹೋಯಿತು. ಮುಂದಿನ ವರ್ಷ ಲೀಗಿನಲ್ಲಿ ಅದೇ ಪ್ರೆಸ್ಟನ್ 22 ಪಂದ್ಯ ಆಡಿ 18 ಗೆದ್ದು, 4 ಡ್ರಾ ಮಾಡಿಕೊಂಡು, ಒಂದೂ ಸೋಲದೆ ಮೊದಲ ಸ್ಥಾನ ಪಡೆಯಿತು. ನಾಕೌಟಿನಲ್ಲಿ ಒಂದು ಕೆಟ್ಟ ಮಧ್ಯಾಹ್ನ ಎಲ್ಲವನ್ನೂ ನುಂಗಿಬಿಡುತ್ತದೆ, ಲೀಗಿನಲ್ಲಿ ಮುಂದಿನ ವಾರ ಎಂಬುದು ಇರುತ್ತದೆ. ನಿಮ್ಮಲ್ಲಿ ಊಟ ಬಿಟ್ಟು ಜೀಪ್ ಹತ್ತಿದವರಿಗೆ ಮುಂದಿನ ವಾರ ಎಲ್ಲಿತ್ತು?

ಮತ್ತೆ, ಅವರು ಹನ್ನೆರಡೇ ತಂಡ ಯಾಕೆ ತೆಗೆದುಕೊಂಡರು ಎಂಬುದನ್ನು ಗಮನಿಸಿ. ಸೇರುತ್ತೇವೆ ಎಂದವರು ಇನ್ನೂ ಇದ್ದರು. ಕಪ್ ಪಂದ್ಯ, ಅದು ಇದು ಎಲ್ಲ ಕಳೆದು ಬಿಡುವಿನ ದಿನ ಎಣಿಸಿದರೆ 22 ಸಿಕ್ಕಿದವು. ಹನ್ನೆರಡು ತಂಡ ಇದ್ದರೆ ಒಂದೊಂದಕ್ಕೂ 22 ಪಂದ್ಯ, ಅಲ್ಲಿಗೆ ಬಾಗಿಲು ಹಾಕಿದರು. ಮೊದಲು ಕ್ಯಾಲೆಂಡರ್, ಆಮೇಲೆ ತಂಡ. ನಾವು ಮಾಡುವುದು ತದ್ವಿರುದ್ಧ: ಕೇಳಿದವರ ಹೆಸರೆಲ್ಲ ಬರೆದುಕೊಂಡು ಆಮೇಲೆ ಭಾನುವಾರ ಹುಡುಕುತ್ತೇವೆ. ಇನ್ನೊಂದು ನಿಯಮವೂ ಇತ್ತು, ನನಗೆ ಬಲು ಇಷ್ಟವಾದದ್ದು: ಪ್ರತಿ ಪಂದ್ಯಕ್ಕೂ ಪೂರ್ತಿ ಬಲದ ತಂಡವನ್ನೇ ಇಳಿಸಬೇಕು. ಬನಿಯನ್ ಹಾಕಿಸಿದ ಹೈಸ್ಕೂಲ್ ಹುಡುಗರು ನಡೆಯುವುದಿಲ್ಲ.

ನಿಮ್ಮಲ್ಲಿ ಬಂದ ಐದು ತಂಡ ಸಾಕು. ಎಲ್ಲರೂ ಎಲ್ಲರ ಮೇಲೆ ಒಂದು ಸಲ ಆಡಿದರೆ ಹತ್ತು ಮ್ಯಾಚ್. ಭಾನುವಾರಕ್ಕೆ ಎರಡರಂತೆ ಐದು ವಾರ, ಪ್ರತಿ ವಾರ ಒಂದು ತಂಡಕ್ಕೆ ಬಿಡುವು. ಊರಿಂದೂರಿಗೆ ಹೋಗಿಬಂದು ಆಡುವುದಾದರೆ ಇಪ್ಪತ್ತು ಮ್ಯಾಚ್, ಹತ್ತು ವಾರ. ಕಾಫಿ ಕುಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮುಂಚೆ ನಿಮಗೆ ಎಷ್ಟು ಭಾನುವಾರ ಸಿಗುತ್ತವೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಣಿಸಿ. ನಿಮ್ಮ ಕಡೆಯ ಮಳೆ ನನಗೂ ಗೊತ್ತು, ಜೂನಿನ ಮಾತು ಬೇಡ. ಐದು ತಂಡದ ಹೆಸರು ಬರೆದು ಕಳಿಸಿ, ಪಟ್ಟಿ ನಾನೇ ಹಾಕಿಕೊಡುತ್ತೇನೆ.

ಪ್ರಶ್ನೆ: ನಮ್ಮದೂ ಬಟ್ಟೆ ಅಂಗಡಿ ಮೇಷ್ಟ್ರೇ. ನಮ್ಮೆಜಮಾನರು ಕ್ರಿಕೆಟ್ ಕಮಿಟಿ ಅಂತ ಹೊರಟರೆ ಗಲ್ಲಾಪೆಟ್ಟಿಗೆ ಮುಂದೆ ನಾನೇ ಕೂರಬೇಕು. ಆ ಪುಣ್ಯಾತ್ಮ ವ್ಯಾಪಾರ ಹೇಗೆ ಉಳಿಸಿಕೊಂಡ?
– ಓದುಗಳು, ಚಿಕ್ಕಮಗಳೂರು

ಉತ್ತರ: ಆಟವನ್ನೇ ಅಂಗಡಿಯೊಳಗೆ ತಂದು ಕೂರಿಸಿದನಮ್ಮ. ಫುಟ್‌ಬಾಲ್ ಆಡುವವರ ಉಡುಪನ್ನೂ ಮಾರುತ್ತಿದ್ದ, ಆಟದ ಮಾತಾಡಲು ಬಂದವರೂ ಅಲ್ಲೇ ಸೇರುತ್ತಿದ್ದರು. ನಿಮ್ಮ ಯಜಮಾನರಿಗೆ ಜರ್ಸಿ ಆರ್ಡರ್ ತರಲು ಹೇಳಿ, ಕಮಿಟಿಗೆ ಹೋಗಲು ಆಮೇಲೆ ಅಪ್ಪಣೆ ಕೊಡಿ.

ಆದರೆ ಅವನು ಹಟ ಸಾಧಿಸಿದವನಲ್ಲ. ‘ಲೀಗ್’ ಎಂಬ ಹೆಸರೇ ಅವನಿಗೆ ಇಷ್ಟವಿರಲಿಲ್ಲ. ಆಗ ಐರ್ಲೆಂಡಿನ ಲ್ಯಾಂಡ್ ಲೀಗ್ ಎಂಬ ರೈತ ಚಳವಳಿ ಬಿಸಿ ಎಬ್ಬಿಸಿತ್ತು, ಜನ ಇದನ್ನೂ ಅದೇ ಅಂದುಕೊಂಡಾರು ಎಂದು ಅಂಜಿದ. ಪ್ರೆಸ್ಟನ್ನಿನ ವಿಲಿಯಂ ಸಡೆಲ್ ಸೂಚಿಸಿದ ‘ಫುಟ್‌ಬಾಲ್ ಲೀಗ್’ ಎಂಬ ಹೆಸರೇ ಗೆದ್ದಿತು, ಇವನು ಒಪ್ಪಿಕೊಂಡ. ಮೊದಲ ವರ್ಷ ಇವನ ಸ್ವಂತ ಆಸ್ಟನ್ ವಿಲಾ ಪ್ರೆಸ್ಟನ್ನಿಗಿಂತ 11 ಅಂಕ ಹಿಂದೆ ಎರಡನೇ ಸ್ಥಾನ. ಲೀಗ್ ಗೆಲ್ಲಲು 1894ರವರೆಗೆ ಕಾಯಬೇಕಾಯಿತು. 1911ರ ಡಿಸೆಂಬರಿನಲ್ಲಿ ತೀರಿಕೊಂಡ. ಅವನನ್ನು ಹೂತಿರುವ ಹ್ಯಾಂಡ್ಸ್‌ವರ್ತಿನ ಸೇಂಟ್ ಮೇರಿ ಚರ್ಚಿನಲ್ಲೇ ಹಬೆ ಯಂತ್ರದ ಜೇಮ್ಸ್ ವಾಟ್‌ನ ಸಮಾಧಿಯೂ ಇದೆ. ವಿಲಾ ಪಾರ್ಕ್ ಮೈದಾನದ ಹೊರಗೆ ಪ್ರತಿಮೆ ನಿಂತದ್ದು 2009ರಲ್ಲಿ. ನಿಧಾನವೇ ಆಯಿತು.

ಪ್ರಶ್ನೆ: ಲೀಗಿನ ಮೊಟ್ಟಮೊದಲ ಗೋಲು ಹೊಡೆದವರು ಯಾರು? ಕ್ವಿಜ್‌ಗೆ ಬೇಕು.
– ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಬೋಲ್ಟನ್ನಿನ ಕೆನ್ನಿ ಡೇವನ್‌ಪೋರ್ಟ್, 1888ರ ಸೆಪ್ಟೆಂಬರ್ 8. ಆ ಗೋಲು ಬಿದ್ದರೂ ಬೋಲ್ಟನ್ ಅವತ್ತು ಡರ್ಬಿ ಎದುರು 6-3ರಿಂದ ಸೋತಿತು. ಕ್ವಿಜ್ ನಡೆಸುವವರ ಬಳಿ ಹಳೆಯ ಪುಸ್ತಕ ಇದ್ದರೆ ಗರ್ಶಮ್ ಕಾಕ್ಸ್ ಎಂಬ ಹೆಸರು ಇರುತ್ತದೆ, ಬಹಳ ಕಾಲ ಎಲ್ಲರೂ ಹಾಗೇ ನಂಬಿದ್ದರು. ಅದೇ ದಿನ ತನ್ನದೇ ತಂಡದ ಗೋಲಿಗೆ ಚೆಂಡು ನುಗ್ಗಿಸಿದವನು ಅವನು. ಅವನ ತಂಡ ಯಾವುದು ಗೊತ್ತೇ? ನಮ್ಮ ಬಟ್ಟೆ ಅಂಗಡಿಯವನ ಆಸ್ಟನ್ ವಿಲಾ.