ಮದ್ದಳೆ ಮೇಷ್ಟ್ರನ್ನು ಕೇಳಿ: ಡೋಲಿಗೆ ಬಟ್ಟೆ ಉಡಿಸಿದ್ದು ಯಾಕೆ?

ಪ್ರಶ್ನೆ: ನನ್ನ ಮಗ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಬ್ರೆಜಿಲಿನ ಸಾಲ್ವಡೋರ್‌ನಲ್ಲಿ ಇಳಿದಾಗ ಕಾಂದೊಂಬ್ಲೆ ಎಂಬ ಪೂಜೆಗೆ ಹೋಗಿದ್ದನಂತೆ. ಅಲ್ಲಿ ಮೂರು ಡೋಲಿಗೆ ಬಟ್ಟೆ ಉಡಿಸಿದ್ದರಂತೆ. ಇವನು ಮುಟ್ಟಲು ಹೋದರೆ ಗದರಿದರಂತೆ. ಬಾರಿಸುವ ವಸ್ತುವಿಗೆ ಇಷ್ಟೆಲ್ಲ ಮಡಿ ಯಾಕೆ?
– ಓದುಗರೊಬ್ಬರು, ಬೈತಖೋಲ, ಕಾರವಾರ

ಉತ್ತರ: ಗದರಿದ್ದು ಒಳ್ಳೆಯದೇ ಆಯ್ತು. ನಾನೂ ಬೈಸಿಕೊಂಡವನೇ. ಹದಿಮೂರರ ಹುಡುಗನಿದ್ದಾಗ, ಶಿರಸಿ ಹತ್ತಿರ ಒಂದು ಯಕ್ಷಗಾನದ ಆಟದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಮನೆಯಲ್ಲಿ, ಅವಸರಕ್ಕೆ ಮದ್ದಳೆ ದಾಟಿಬಿಟ್ಟೆ. ಗುರುಗಳು ಹೊಡೆಯಲಿಲ್ಲ. ‘ಕೈ ಮುಗಿ’ ಅಂದರು. ಆಮೇಲೆ ಎರಡು ದಿನ ಮಾತೇ ಇಲ್ಲ.

ನಾವು ಮದ್ದಳೆಗೆ ಕೈ ಮುಗಿದು ಸುಮ್ಮನಾಗುತ್ತೇವೆ. ಅಲ್ಲಿ ಡೋಲಿಗೆ ಎಡೆಯನ್ನೂ ಇಡುತ್ತಾರೆ. ನಿಮ್ಮ ಮಗ ನೋಡಿದ್ದು ಅತಬಾಕಿ ಎಂಬ ಡೋಲುಗಳು. ದೊಡ್ಡದು ರುಂ, ನಡುವಿನದು ರುಂಪಿ, ಚಿಕ್ಕದು ಲೆ. ಹೊಸ ಡೋಲಿಗೆ ಸಂಸ್ಕಾರ ಆಗಬೇಕು, ಕಾಲಕಾಲಕ್ಕೆ ಆಹಾರ ಕೊಡಬೇಕು. ಬಾರಿಸುವವರ ಮುಖ್ಯಸ್ಥನಿಗೆ ಅಲಬೆ ಅಂತ ಹೆಸರು. ನಮ್ಮಲ್ಲಿ ಏರು ದನಿಯ ಚಂಡೆ ಅಬ್ಬರಿಸುತ್ತದೆ, ಅಲ್ವಾ? ಅಲ್ಲಿ ಉಲ್ಟಾ. ಸಣ್ಣವೆರಡು ಒಂದೇ ಪೆಟ್ಟು ಹಿಡಿದು ಕೂತಿರುತ್ತವೆ. ತಗ್ಗು ದನಿಯ ರುಂ ಕುಣಿಯುವವರ ಜೊತೆ ಮಾತಿಗಿಳಿಯುತ್ತದೆ.

ಮಾತು ಅಂದದ್ದು ಸುಮ್ನೆ ಅಲ್ಲ. ಈ ಪೂಜೆಯ ಬೇರು ಈಗಿನ ನೈಜೀರಿಯಾ, ಬೆನಿನ್ ಕಡೆಯ ಯೊರುಬಾ ಜನರದ್ದು. ಅವರ ಭಾಷೆಯಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಒಕೊ’ ಅನ್ನುವುದನ್ನು ಒಂದು ಥರ ಎಳೆದರೆ ಗಂಡ, ಇನ್ನೊಂದು ಥರ ಎಳೆದರೆ ಗುದ್ದಲಿ, ಮತ್ತೊಂದಕ್ಕೆ ದೋಣಿ. ಹಾಗಾಗಿ ಚರ್ಮದ ಮೇಲೆ ಏರು ತಗ್ಗು ಬಾರಿಸಿಯೇ ಹೆಸರು ಹಿಡಿದು ಕರೆಯಬಹುದು, ಹೊಗಳಬಹುದು. ಒರಿಶಾ ಎನ್ನುವ ಅವರ ದೇವತೆಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಪೆಟ್ಟುಗಳಿವೆ. ಕರೆದರೆ ಅವರು ಭಕ್ತರ ಮೈಮೇಲೆ ಬರುತ್ತಾರೆ. ‘ಭಾರ ಬಂತು’ ಅನ್ನುವ ನಮ್ಮೂರವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಯೊರುಬಾ ಜನರನ್ನು ಗುಲಾಮರಾಗಿ ಹೊತ್ತೊಯ್ದ ಇನ್ನೊಂದು ಜಾಗ ಕ್ಯೂಬಾ. ಅಲ್ಲಿನ ಬಾತಾ ಡೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟು ಎರಡೂ ಕಡೆ ನುಡಿಸುತ್ತಾರೆ, ನಮ್ಮ ಮದ್ದಳೆಯ ಹಾಗೇ. ಮೂರರಲ್ಲಿ ದೊಡ್ಡದರ ಹೆಸರು ಇಯಾ, ಅಂದರೆ ತಾಯಿ. ಮೈಸುತ್ತ ಗೆಜ್ಜೆ. ಅದರ ದೊಡ್ಡ ಮುಖಕ್ಕೆ ಮೇಣದಂಥ ಅಂಟು ಮೆತ್ತಿ ದನಿ ಹದ ಮಾಡುತ್ತಾರೆ. ನಾವು ಕರಣೆ ಹಾಕುವುದಿಲ್ಲವೇ, ಹಾಗೆ. ಮೊದಲ ಸಲ ಅದರ ಫೋಟೊ ನೋಡಿದಾಗ ನನ್ನ ಕಣ್ಣು ಹೋದದ್ದು ಆ ಅಂಟಿಗೇ. ಸಂಸ್ಕಾರವಾದ ಬಾತಾದ ಒಳಗೆ ಅನ್ಯಾ ಎಂಬ ದೈವ ಕೂತಿರುತ್ತದೆ. ಅಂಥ ಮೊದಲ ಜೋಡಣೆ ಕ್ಯೂಬಾದಲ್ಲಿ ಆದದ್ದು 1830ರ ಸುಮಾರಿಗೆ, ಅನ್ಯಾಬಿ ಮತ್ತು ಅತಾಂದಾ ಎಂಬ ಇಬ್ಬರಿಂದ ಅನ್ನುತ್ತಾರೆ.

ಇನ್ನೊಂದು ಮಾತು. ಬಾಹಿಯಾದಲ್ಲಿ, ಅಂದರೆ ನಿಮ್ಮ ಮಗ ಇಳಿದ ಊರಿರುವ ರಾಜ್ಯದಲ್ಲೇ, ಈ ಪೂಜೆಗೆ ಪೊಲೀಸರ ಪರವಾನಗಿ ಬೇಕಿತ್ತು. ಅದು ನಿಂತದ್ದು 1976ರಲ್ಲಿ. ಅದಕ್ಕೂ ಹಿಂದೆ ದಾಳಿ ಮಾಡಿ ಡೋಲುಗಳನ್ನೇ ಹೊತ್ತೊಯ್ದದ್ದೂ ಉಂಟು. ಹೊರಗಿನವರ ಕೈ ಕಂಡರೆ ಅವರು ಗದರುವುದರಲ್ಲಿ ತಪ್ಪೇನು?

ಪ್ರಶ್ನೆ: ಹಾಗಾದರೆ ನಮ್ಮ ಸಿದ್ದಿಯರ ಡಮಾಮಿ ಡೋಲೂ ಇದೇ ಕುಲದ್ದಾ?
– ಓದುಗರೊಬ್ಬರು, ಯಲ್ಲಾಪುರ

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಅಲ್ಲ. ‘ಆಫ್ರಿಕಾ’ ಅಂದ ತಕ್ಷಣ ಎಲ್ಲ ಒಂದೇ ಮಾಡಬಾರದು. ಯೊರುಬಾ ಜನ ಪಶ್ಚಿಮ ಆಫ್ರಿಕಾದವರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಯರ ಹಿರಿಯರು ಹೆಚ್ಚಾಗಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಬಂದವರು. ನಡುವೆ ಇಡೀ ಖಂಡವೇ ಇದೆ. ನಂಟು ಅಂತ ಹೇಳಬೇಕಾದರೆ ಪೋರ್ಚುಗೀಸರ ಹಡಗು. ಕೆಲವರನ್ನು ಗೋವೆಗೆ, ಕೆಲವರನ್ನು ಬ್ರೆಜಿಲಿಗೆ ತಂದು ಮಾರಿದವರು ಅವರೇ. ಡಮಾಮಿಯ ಬಗ್ಗೆ ನನ್ನನ್ನು ಕೇಳುವುದಕ್ಕಿಂತ ನಿಮ್ಮ ಪಕ್ಕದ ಸಿದ್ದಿ ಕೇರಿಗೆ ಹೋಗಿ ಕೇಳಿ.

ಪ್ರಶ್ನೆ: ಮಗಳು ಯೂಟ್ಯೂಬ್ ನೋಡಿ ಬಾತಾ ಕಲಿಯುತ್ತಿದ್ದಾಳೆ. ದೋಷವೇನಾದರೂ ಇದೆಯಾ?
– ಓದುಗರೊಬ್ಬರು, ಕುಮಟಾ

ಉತ್ತರ: ಸಂಸ್ಕಾರವಾದ ಬಾತಾವನ್ನು ಹೆಂಗಸರು ಮುಟ್ಟಬಾರದು ಎಂಬ ಕಟ್ಟು ಕ್ಯೂಬಾದಲ್ಲಿದೆ. ನನಗದು ಹಿಡಿಸುವುದಿಲ್ಲ, ಆದರೆ ಮನೆ ಅವರದ್ದು. ಸಂಸ್ಕಾರವಿಲ್ಲದ ಡೋಲಿಗೆ ಅಬೆರಿಕುಲಾ ಅನ್ನುತ್ತಾರೆ, ಅದಕ್ಕೆ ಅಡ್ಡಿಯಿಲ್ಲ. 1930ರ ದಶಕದಲ್ಲಿ ಫರ್ನಾಂಡೊ ಒರ್ಟಿಜ್ ಎಂಬ ವಿದ್ವಾಂಸರು ಹವಾನಾದ ವೇದಿಕೆಗೆ ತಂದದ್ದೂ ಅಂಥ ಡೋಲನ್ನೇ. ಈಗ ಒಬಿನಿ ಬಾತಾ ಎಂಬ ಹೆಂಗಸರದೇ ತಂಡ ಅಲ್ಲಿದೆ. ಆದರೆ ಕಲಿಯುವವರು ಮೊದಲು ಕೂರುವುದು ಒಕೊಂಕೊಲೊ ಎಂಬ ಅತಿ ಚಿಕ್ಕ ಡೋಲಿನ ಮುಂದೆ. ಅದೇ ಎರಡು ಮೂರು ಪೆಟ್ಟು, ಕೈ ಸೋಲುವ ತನಕ. ನಿಮ್ಮ ಮಗಳು ನೇರ ಇಯಾಗೇ ಕೈ ಹಾಕಿರಬೇಕು, ಅಲ್ವಾ?