ಬ್ರಿಟನ್‌ನ ಹಾಗೆ ನಮ್ಮಲ್ಲೂ ಎಲ್ಲರಿಗೂ ಉಚಿತ ಚಿಕಿತ್ಸೆ ಯಾಕೆ ಕೊಡಬಾರದು?

ಕೊಡಬಹುದು. ಆದರೆ ಅದಕ್ಕೆ ಏನೇನು ಬಿಟ್ಟುಕೊಡಬೇಕು ಅಂತ ಯಾರೂ ಕೇಳುವುದಿಲ್ಲ. ನಾನು ಮಂಗಳೂರಿನಲ್ಲಿ ಮೆಡಿಕಲ್ ಶಾಪ್ ನಡೆಸುವವನು. ‘ಫ್ರೀ’ ಅನ್ನುವುದರ ಲೆಕ್ಕ ನನ್ನ ಕೌಂಟರಿನಲ್ಲಿ ದಿನಾ ಕಾಣುತ್ತದೆ.

ಬ್ರಿಟನ್‌ನಲ್ಲಿ 1948ರಿಂದ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆ ಇದೆ. ತೆರಿಗೆ ದುಡ್ಡಿನಲ್ಲಿ ನಡೆಯುತ್ತದೆ, ಆಪರೇಷನ್ನಿಗೆ ಬಿಲ್ ಇಲ್ಲ. ಬದಲಿಗೆ ಕಾಯಬೇಕು. 2023ರಲ್ಲಿ ಇಂಗ್ಲೆಂಡಿನ ಕಾಯುವ ಪಟ್ಟಿ 75 ಲಕ್ಷ ದಾಟಿತ್ತು. ಇಲ್ಲಿ ನನ್ನ ಮಾವನ ಮಂಡಿ ಆಪರೇಷನ್ ಒಂದೇ ವಾರದಲ್ಲಿ ಮುಗಿಯಿತು. ಆದರೆ ಅತ್ತೆಯ ಬಳೆಗಳು ಸೊಸೈಟಿಯಲ್ಲಿ ಅಡವು ಬಿದ್ದವು. ಅಲ್ಲಿ ಕ್ಯೂ, ಇಲ್ಲಿ ಚಿನ್ನ.

ಜರ್ಮನಿಯಲ್ಲಿ ಸಂಬಳದ ಶೇ. 14.6ರಷ್ಟು, ಅದರ ಮೇಲೆ ಇನ್ನೂ ಸ್ವಲ್ಪ, ಆರೋಗ್ಯ ವಿಮೆಗೆ ಹೋಗುತ್ತದೆ. ಅರ್ಧ ಮಾಲೀಕರ ಪಾಲು. ಜಪಾನ್‌ನಲ್ಲಿ 1961ರಿಂದ ಎಲ್ಲರಿಗೂ ವಿಮೆ. ಆದರೂ ಹೆಚ್ಚಿನವರು ಬಿಲ್ಲಿನ ಶೇ. 30 ಕೈಯಿಂದ ಕೊಡುತ್ತಾರೆ, ತಿಂಗಳಿಗೆ ಇಷ್ಟೇ ಅನ್ನುವ ಮಿತಿಯೂ ಇದೆ. ‘ಅವರೆಲ್ಲ ಶ್ರೀಮಂತರು ಮಾರಾಯ್ರೆ’ ಅಂತೀರಾ? ಥಾಯ್ಲೆಂಡ್ 2002ರ ಹೊತ್ತಿಗೇ 30 ಬಾತ್ (ಅಲ್ಲಿನ ದುಡ್ಡು) ಕೊಟ್ಟರೆ ಚಿಕಿತ್ಸೆ ಅನ್ನುವ ಯೋಜನೆಯನ್ನು ದೇಶಕ್ಕೆಲ್ಲ ತಂದಿತು. ಆಗಿನ ಮುಖ್ಯ ಷರತ್ತು: ಮೊದಲು ನಿಮ್ಮ ಹೆಸರು ನೋಂದಾಯಿಸಿದ ಕಡೆಗೇ ಹೋಗಬೇಕಿತ್ತು.

ನಮ್ಮೂರಿನವರು ಒಪ್ಪದೇ ಇರುವುದು ಇದನ್ನೇ ಅನ್ನಿಸುತ್ತದೆ. ಮೆಡಿಕಲ್ ಕಾಲೇಜುಗಳ ಊರು ನಮ್ಮದು. ಎರಡು ದಿನ ತಲೆನೋವು ಬಂದರೆ ಸೀದಾ ನ್ಯೂರಾಲಜಿಸ್ಟ್ ಹತ್ತಿರ ಟೋಕನ್ ತೆಗೆಸುತ್ತೇವೆ. ‘ಮೊದಲು ನಿಮ್ಮ ವಾರ್ಡಿನ ಡಾಕ್ಟರಿಗೆ ತೋರಿಸಿ, ಅವರು ಬರೆದುಕೊಟ್ಟರೆ ಬನ್ನಿ’ ಅಂದರೆ ಸುಮ್ನೆ ಇರ್ತೀವಾ?

ಇನ್ನು ದುಡ್ಡು. ನಮ್ಮಲ್ಲಿ ಕೇಂದ್ರ, ರಾಜ್ಯ ಎಲ್ಲ ಸೇರಿ ಆರೋಗ್ಯಕ್ಕೆ ಹಾಕುವುದು ಜಿಡಿಪಿಯ ಶೇ. 2ರ ಆಸುಪಾಸು. ಅಷ್ಟರಲ್ಲಿ ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಹಾಗಾಗಿ ಆಯುಷ್ಮಾನ್ ಕಾರ್ಡ್ ಆರಿಸಿಕೊಂಡ ದಾರಿ ಬೇರೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಅದೂ ಮುಖ್ಯವಾಗಿ ಅಡ್ಮಿಟ್ ಆದರೆ. ದೊಡ್ಡ ಆಪರೇಷನ್ನಿಗೆ ಅದು ದೇವರು ಕೊಟ್ಟ ಹಾಗೆಯೇ, ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಪ್ರತಿ ತಿಂಗಳ ಬಿಪಿ, ಶುಗರ್ ಮಾತ್ರೆಗೆ ಆ ಕಾರ್ಡ್ ನಡೆಯುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಫ್ರೀ ಆಗಬೇಕಾದದ್ದು ಆ ಮಾತ್ರೆ. ಅದು ತಪ್ಪಿದವನೇ ನಾಳೆ ಸ್ಟ್ರೋಕ್ ಆಗಿ ಅಡ್ಮಿಟ್ ಆಗುತ್ತಾನೆ, ಆಗ ಸರ್ಕಾರದ ಖರ್ಚೂ ಜಾಸ್ತಿ ಅಲ್ವಾ? ಸದ್ಯಕ್ಕೆ ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಕೇಳಿ, ಇಲ್ಲದಿದ್ದರೆ ಕಡಿಮೆ ರೇಟಿನ ಜನೌಷಧಿ ಅಂಗಡಿಗೆ ಹೋಗಿ. (ನನ್ನ ವ್ಯಾಪಾರದ ಮೇಲೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ.)

ನಿನ್ನೆ ಸಂಜೆ ಒಬ್ಬರು ಬಂದರು. ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನು ಹೊರುವವರು. ಹತ್ತು ಮಾತ್ರೆಯ ಸ್ಟ್ರಿಪ್ ಕೊಟ್ಟೆ. ತಿರುಗಿಸಿ ರೇಟು ನೋಡಿ ವಾಪಸ್ ಇಟ್ಟು, ‘ಅರ್ಧ ಕತ್ತರಿಸಿ ಕೊಡಿ’ ಅಂದರು. ಅವರ ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಯುಷ್ಮಾನ್ ಕಾರ್ಡ್ ಇತ್ತು. ನಾನು ಕತ್ತರಿ ತೆಗೆದುಕೊಂಡೆ.