ಓದುಗರ ಪ್ರಶ್ನೆ: ಕ್ರೂಸ್ ಹಡಗಿನಲ್ಲಿ ನೆಟ್, ದುಡ್ಡು ಸೋರುವುದು ಎಲ್ಲಿ?

ಪ್ರಶ್ನೆ: ರಜೆಯಲ್ಲಿ ಮನೆಯ ಆರು ಮಂದಿ ಸಿಂಗಾಪುರದಿಂದ ಕ್ರೂಸ್ ಹೊರಡುತ್ತಿದ್ದೇವೆ. ದಾರಿಯಲ್ಲಿ ಪೆನಾಂಗ್, ಫುಕೆಟ್ ಉಂಟು. ಎಲ್ಲರ ಫೋನಿಗೂ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿಸಿದರೆ ಹಡಗಿನಲ್ಲೂ ನಡೆಯುತ್ತದಾ? ಹಡಗಿನ ವೈಫೈ ಆರು ಜನಕ್ಕೂ ಬೇಕಾ?
— ಓದುಗರು, ಮಣಿಪಾಲ

ಉತ್ತರ: ಸಾಮಾನ್ಯ ರೋಮಿಂಗ್ ಪ್ಯಾಕ್ ನಡೆಯುವುದು ಆಯಾ ದೇಶದ ನೆಲದ ಮೇಲಿರುವ ಟವರ್‌ಗಳಲ್ಲಿ ಮಾತ್ರ. ಹಡಗು ದಡ ಬಿಟ್ಟು ದೂರ ಹೋದ ಮೇಲೆ ಫೋನಿನಲ್ಲಿ ಮತ್ತೆ ಸಿಗ್ನಲ್ ಕಾಣಿಸಿದರೆ ಎಚ್ಚರ ವಹಿಸಿ. ಅದು ಹಡಗಿನೊಳಗೇ ಕೂರಿಸಿದ ಮೊಬೈಲ್ ನೆಟ್‌ವರ್ಕ್. ಹೆಸರು ‘ಸೆಲ್ಯುಲಾರ್ ಅಟ್ ಸೀ’ ಎಂದೋ ‘ಟೆಲಿನಾರ್ ಮ್ಯಾರಿಟೈಮ್’ ಎಂದೋ ಬರುತ್ತದೆ. ಕೆಲವು ಫೋನ್‌ಗಳಲ್ಲಿ ಬರೀ ‘901 18’ ಎಂಬಂತಹ ಸಂಖ್ಯೆ. 901 ಯಾವ ದೇಶದ್ದೂ ಅಲ್ಲದ ಕೋಡ್. ಹಾಗಾಗಿ ನಿಮ್ಮ ಪ್ಯಾಕಿನ ದೇಶಗಳ ಪಟ್ಟಿಗೆ ಅದು ಸೇರುವುದಿಲ್ಲ, ದರವೂ ಬೇರೆ. ರೋಮಿಂಗ್ ಚಾಲೂ ಇಟ್ಟ ಫೋನ್ ಕಿಸೆಯಲ್ಲಿದ್ದಲ್ಲೇ ಅದಕ್ಕೆ ಅಂಟಿಕೊಳ್ಳುತ್ತದೆ. ಪೋಸ್ಟ್‌ಪೇಯ್ಡ್‌ನವರಿಗೆ ಇದು ಗೊತ್ತಾಗುವುದು ಬಿಲ್ ಬಂದಾಗ.

ಮಾಡಬೇಕಾದ್ದು ಸರಳ. ಹಡಗು ಹೊರಡುವ ಮೊದಲೇ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಮಕ್ಕಳ ಫೋನನ್ನೂ ಅಜ್ಜ-ಅಜ್ಜಿಯರ ಫೋನನ್ನೂ ನೀವೇ ಕೈಗೆ ತೆಗೆದುಕೊಂಡು ನೋಡಿ.

ವೈಫೈ ಆರು ಜನಕ್ಕೆ ಆರು ಬೇಡ. ಹೆಚ್ಚಿನ ಪ್ಲಾನ್‌ಗಳು ‘ಏಕಕಾಲಕ್ಕೆ ಒಂದು ಸಾಧನ’ ಎಂಬ ಲೆಕ್ಕದವು. ಒಬ್ಬರು ಲಾಗೌಟ್ ಮಾಡಿದರೆ ಇನ್ನೊಬ್ಬರು ಅದೇ ಖಾತೆಯಲ್ಲಿ ಒಳಬರಬಹುದು. ಒಂದೋ ಎರಡೋ ತೆಗೆದುಕೊಂಡು ಸರದಿ ಹಾಕಿಕೊಳ್ಳಿ. ಹೊರಡುವ ಮೊದಲೇ ಹಡಗಿನ ವೆಬ್‌ಸೈಟ್‌ನಲ್ಲಿ ಕೊಂಡರೆ ಸಾಮಾನ್ಯವಾಗಿ ಹಡಗಿನೊಳಗಿನ ದರಕ್ಕಿಂತ ಕಡಿಮೆ. ಹಡಗಿನ ಆ್ಯಪನ್ನೂ ಮನೆಯಲ್ಲೇ ಇಳಿಸಿಕೊಳ್ಳಿ. ಊಟದ ಸಮಯ, ಕಾರ್ಯಕ್ರಮದ ಪಟ್ಟಿ ನೋಡಲು ಪ್ಲಾನ್ ಬೇಕಿಲ್ಲ.

ಬಂದರಿನಲ್ಲಿ ಇಳಿದಾಗ ಇಸಿಮ್ (ಕಾರ್ಡ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್) ಅಗ್ಗ. *#06# ಒತ್ತಿದಾಗ ‘ಇಐಡಿ’ ಸಂಖ್ಯೆ ಕಂಡರೆ ನಿಮ್ಮ ಫೋನಿಗೆ ಇಸಿಮ್ ಹಿಡಿಯುತ್ತದೆ. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಮೂರೂ ಸೇರಿದ ಒಂದು ಪ್ಯಾಕ್ ಕೊಂಡು ಮನೆಯ ವೈಫೈನಲ್ಲೇ ಇನ್‌ಸ್ಟಾಲ್ ಮಾಡಿ, ಒಂದು ಫೋನಿನಿಂದ ಉಳಿದವರಿಗೆ ಹಾಟ್‌ಸ್ಪಾಟ್ ಕೊಡಿ. ಊರಿನ ಸಿಮ್ ಒಳಗೇ ಇರಲಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್. ವಾಟ್ಸ್ಆ್ಯಪ್ ‘ನಂಬರ್ ಬದಲಿಸುವುದೇ?’ ಎಂದು ಕೇಳಿದರೆ ಹಳೆಯದನ್ನೇ ಉಳಿಸಿ. ಬ್ಯಾಂಕಿನ ಒಟಿಪಿ ಬೇಕಾಗುವ ಕೆಲಸಗಳನ್ನು ಊರಲ್ಲೇ ಮುಗಿಸಿ. ತಪ್ಪಿದರೆ ಬಂದರಿನಲ್ಲಿ ಮಾಡಿ, ಕಡಲಲ್ಲಿ ಬೇಡ.

ಪ್ರಶ್ನೆ: ಹಡಗಿನಲ್ಲಿ 1 ಜಿಬಿ ಪ್ಯಾಕ್ ತೆಗೆದುಕೊಂಡಿದ್ದೆವು. ನಾಲ್ಕು ಮೆಸೇಜ್ ಕಳಿಸಿದ್ದು ಬಿಟ್ಟರೆ ಏನೂ ನೋಡಲಿಲ್ಲ, ರಾತ್ರಿ ಕಳೆಯುವುದರೊಳಗೆ ಖಾಲಿ. ಮೋಸವಾ?
— ಓದುಗರು, ಸುರತ್ಕಲ್

ಉತ್ತರ: ಮೋಸ ಎನ್ನುವ ಮೊದಲು ಫೋನಿನ ಸೆಟ್ಟಿಂಗ್ ನೋಡಿ. ನಮ್ಮ ಫೋನ್‌ಗಳಿಗೆ ವೈಫೈ ಎಂದರೆ ಮನೆಯ ಬ್ರಾಡ್‌ಬ್ಯಾಂಡ್, ಎಷ್ಟು ಬಳಸಿದರೂ ಅಡ್ಡಿಯಿಲ್ಲ ಎಂಬ ಲೆಕ್ಕ. ಡೇಟಾ ಉಳಿಸಲೆಂದು ನೀವು ಊರಲ್ಲಿ ಹಾಕಿಟ್ಟ ‘ವೈಫೈ ಇದ್ದಾಗ ಮಾತ್ರ’ ಎಂಬ ಆಯ್ಕೆಯೇ ಹಡಗಿನಲ್ಲಿ ತಿರುಗಿ ಬೀಳುತ್ತದೆ. ಡೆಕ್ಕಿನಲ್ಲಿ ತೆಗೆದ ವಿಡಿಯೊಗಳು ಗೂಗಲ್ ಫೋಟೋಸ್‌ಗೆ ಏರತೊಡಗುತ್ತವೆ, ಆ್ಯಪ್‌ಗಳು ಅಪ್‌ಡೇಟ್ ಆಗುತ್ತವೆ. ವಾಟ್ಸ್ಆ್ಯಪ್ ತನ್ನ ಬ್ಯಾಕಪ್ಪನ್ನು ರಾತ್ರಿ 2 ಗಂಟೆಯ ಹೊತ್ತಿಗೆ ಸದ್ದಿಲ್ಲದೆ ಕಳಿಸುತ್ತದೆ. ನೀವು ಮಲಗಿದ್ದಾಗಲೇ ಪ್ಯಾಕ್ ಖಾಲಿಯಾಗುವುದು ಹೀಗೆ.

ಇದಕ್ಕೊಂದು ಖಚಿತ ಮದ್ದು ಉಂಟು. ಆಂಡ್ರಾಯ್ಡ್‌ನಲ್ಲಿ ಹಡಗಿನ ವೈಫೈಗೆ ಸೇರಿದ ಕೂಡಲೇ ಅದರ ಹೆಸರಿನ ಪಕ್ಕದ ಗಾಲಿಚಿಹ್ನೆ ಒತ್ತಿ, ‘ಮೀಟರ್ಡ್’ (ಡೇಟಾಕ್ಕೆ ಮಿತಿಯಿದೆ) ಎಂದು ಬದಲಿಸಿ. ಐಫೋನ್‌ನಲ್ಲಿ ಅದೇ ಜಾಗದಲ್ಲಿ ‘ಲೋ ಡೇಟಾ ಮೋಡ್’. ಜೊತೆಗೆ ವಾಟ್ಸ್ಆ್ಯಪ್‌ನ ಸ್ಟೋರೇಜ್ ಆ್ಯಂಡ್ ಡೇಟಾ ವಿಭಾಗಕ್ಕೆ ಹೋಗಿ ವೈಫೈನ ಆಟೊ ಡೌನ್‌ಲೋಡ್‌ನಲ್ಲಿ ಫೋಟೊ, ವಿಡಿಯೊ ಎಲ್ಲದರ ಟಿಕ್ ತೆಗೆಯಿರಿ. ‘ಕರೆಗೆ ಕಡಿಮೆ ಡೇಟಾ’ ಆನ್ ಮಾಡಿ. ಬ್ಯಾಕಪ್ ‘ನೆವರ್’ ಇಡಿ. ವಾಟ್ಸ್ಆ್ಯಪ್ ಧ್ವನಿ ಕರೆಗೆ ನಿಮಿಷಕ್ಕೆ ಅರ್ಧ ಎಂಬಿ ಆಸುಪಾಸು ಸಾಕು. ವಿಡಿಯೊ ಕರೆಗೆ ಅದರ ಹತ್ತು ಪಟ್ಟು ಹಿಡಿದುಕೊಳ್ಳಿ.

ಲಾಗಿನ್ ಪುಟವೇ ತೆರೆಯದಿದ್ದರೆ ಫೋನಿನ ಸೆಟ್ಟಿಂಗ್‌ನಲ್ಲಿ ವಿಪಿಎನ್ ಮತ್ತು ಪ್ರೈವೇಟ್ ಡಿಎನ್‌ಎಸ್ ಎಂಬ ಆಯ್ಕೆಗಳನ್ನು ಆಫ್ ಮಾಡಿ ನೋಡಿ. ಒಳಬಂದ ಮೇಲೂ ‘ಹೊಸ ಸಾಧನ’ ಎಂದು ಮತ್ತೆ ಮತ್ತೆ ಹೊರದಬ್ಬಿದರೆ, ಆ ನೆಟ್‌ವರ್ಕ್‌ಗೆ ಮಾತ್ರ ‘ಪ್ರೈವೇಟ್ ಅಡ್ರೆಸ್’ ಆಫ್ ಮಾಡಿ. ಫೋನ್ ತನ್ನ ಗುರುತು ಬದಲಿಸುವುದು ನಿಲ್ಲುತ್ತದೆ.

ಪ್ರಶ್ನೆ: ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗುವವರಿಗೆ ನಮ್ಮದೇ ಸಿಮ್ ಸಾಕಾ? ದುಬೈಯ ನೆಂಟರು ಕೊಟ್ಟ ಥುರಾಯ ಸ್ಯಾಟಲೈಟ್ ಫೋನ್ ಒಯ್ಯಬಹುದಾ?
— ಓದುಗರು, ಉಳ್ಳಾಲ

ಉತ್ತರ: ದ್ವೀಪದಲ್ಲಿ ನಮ್ಮ ಸಿಮ್ ಸಾಕು, ರೋಮಿಂಗ್ ಖರ್ಚಿಲ್ಲ. ಬಿಎಸ್‌ಎನ್‌ಎಲ್, ಏರ್‌ಟೆಲ್ ಎರಡೂ ಅಲ್ಲಿವೆ. ಕೊಚ್ಚಿಯಿಂದ ಸಮುದ್ರದಡಿ ಎಳೆದ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಉಪಗ್ರಹವನ್ನೇ ನಂಬಿ ಕೂರುವ ಸ್ಥಿತಿ ಹೋಗಿದೆ. ನಡುದಾರಿಯಲ್ಲಿ ಮಾತ್ರ ಸಿಗ್ನಲ್ ಇಲ್ಲ. 2ಜಿ ಟವರ್‌ನ ಮಿತಿಯೇ ಸಾಮಾನ್ಯವಾಗಿ 35 ಕಿ.ಮೀ., ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. 18 ನಾಟ್ ವೇಗದ ಹಡಗು ಗಂಟೆಗೆ 33 ಕಿ.ಮೀ. ಸಾಗುತ್ತದೆ. ಅಂದರೆ ಹೊರಟು ಗಂಟೆಯೊಳಗೆ ಮನೆಗೆ ಫೋನ್ ಮಾಡಿ ಮುಗಿಸಿ. ಕ್ಯಾಬಿನ್ನಿನ ಉಕ್ಕಿನ ಗೋಡೆ ಸಿಗ್ನಲ್ ತಡೆಯುತ್ತದೆ. ದಡದ ಕಡೆಯ ತೆರೆದ ಡೆಕ್ಕಿಗೆ ಬನ್ನಿ.

ಥುರಾಯ ಖಂಡಿತ ಬೇಡ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದೇ ಅಪರಾಧ.

ಪ್ರಶ್ನೆ: ಮಗ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ, ಈಗ ಕೆರಿಬಿಯನ್ ಕಡೆ. ಕರೆ ಮಾಡಿದರೆ ಮಾತು ತುಂಡು ತುಂಡು, ಇಬ್ಬರೂ ಒಟ್ಟಿಗೆ ಮಾತಾಡಿದ ಹಾಗೆ ಆಗುತ್ತದೆ. ಸಂಬಳದಲ್ಲಿ ನೆಟ್ಟಿಗೇ ತುಂಬಾ ಹೋಗುತ್ತದೆ ಅಂತಾನೆ.
— ಓದುಗರು, ಕಾಪು

ಉತ್ತರ: ಅಮ್ಮ, ಮಾತು ಡಿಕ್ಕಿ ಹೊಡೆಯುವುದಕ್ಕೆ ಕಾರಣ ದೂರ. ನಡುಕಡಲಲ್ಲಿ ಹಡಗಿಗೆ ನೆಟ್ ಬರುವುದು ಉಪಗ್ರಹದಿಂದ. ಹಳೆಯ ವ್ಯವಸ್ಥೆಯ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿದೆ. ನಿಮ್ಮ ಮಾತು ಅಲ್ಲಿಗೆ ಹೋಗಿ ಇಳಿದು, ಅವನ ಉತ್ತರ ಅದೇ ದಾರಿಯಲ್ಲಿ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಸುಮಾರು 550 ಕಿ.ಮೀ. ಎತ್ತರದ ಉಪಗ್ರಹಗಳಿಂದ ನೆಟ್ ಕೊಡುವ ಸ್ಟಾರ್‌ಲಿಂಕ್ ಇರುವ ಹಡಗುಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಇಲ್ಲದ ಕಡೆ ವಾಯ್ಸ್ ಮೆಸೇಜ್ ಒಳ್ಳೆಯದು. ನೆಟ್ ಹೋದರೂ ಮೆಸೇಜ್ ಸಾಲಿನಲ್ಲಿ ನಿಂತು, ನೆಟ್ ಬಂದಾಗ ತಾನೇ ಹೋಗುತ್ತದೆ, ಎರಡು ಸಲ ಕೇಳಲೂಬಹುದು.

ಕರೆಯೇ ಬೇಕೆಂದರೆ ಹೊತ್ತು ನೋಡಿ. ಸಂಜೆ ಪ್ರಯಾಣಿಕರೆಲ್ಲ ನೆಟ್‌ನಲ್ಲಿರುತ್ತಾರೆ. ಅವರು ಮಲಗಿರುವ ಬೆಳಗಿನ ಜಾವ ಲೈನ್ ಖಾಲಿ: ಪೂರ್ವ ಕೆರಿಬಿಯನ್‌ನ 5 ಗಂಟೆ ಎಂದರೆ ನಮ್ಮಲ್ಲಿ ಮಧ್ಯಾಹ್ನ 2.30. ಪ್ರಯಾಣಿಕರು ಊರು ನೋಡಲು ಇಳಿದಾಗಲೂ ಹಾಗೆಯೇ. ದೊಡ್ಡ ಬಂದರುಗಳ ನಾವಿಕರ ಕೇಂದ್ರದಲ್ಲಿ ವೈಫೈ ಹೆಚ್ಚಾಗಿ ಪುಕ್ಕಟೆ. ವಿಡಿಯೊ ಕರೆಯನ್ನು ಅಲ್ಲಿಗೆ ಇಟ್ಟುಕೊಳ್ಳಲಿ.

ಖರ್ಚಿನ ಬಗ್ಗೆ ಮಗನಿಗೆ ಇದನ್ನು ತಿಳಿಸಿ. 2006ರ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಅದರ ತಿದ್ದುಪಡಿ 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿದೆ: ಸಾಧ್ಯವಾದ ಮಟ್ಟಿಗೆ ಹಡಗಿನಲ್ಲಿ ಸಿಬ್ಬಂದಿಗೆ ಇಂಟರ್ನೆಟ್ ಕೊಡಬೇಕು, ಶುಲ್ಕ ಹಾಕಿದರೆ ಅದು ನ್ಯಾಯವಾಗಿರಬೇಕು. ನಿಯಮ ಅನ್ವಯಿಸುವುದು ಹಡಗು ಯಾವ ದೇಶದ ಬಾವುಟದ್ದು ಎಂಬುದರ ಮೇಲೆ. ಕ್ರೂಸ್ ಹಡಗುಗಳು ಹೆಚ್ಚಾಗಿ ನೋಂದಾಯಿಸಿಕೊಳ್ಳುವ ಬಹಾಮಾಸ್, ಪನಾಮಾ ಎರಡೂ ಒಪ್ಪಂದದೊಳಗಿವೆ. ಕೆಲಸದ ಕರಾರಿನ ಜೊತೆ ಹಡಗಿನೊಳಗಿನ ದೂರು ವಿಧಾನದ ಪ್ರತಿಯನ್ನೂ ಅವನಿಗೆ ಕೊಟ್ಟಿರಬೇಕು. ದರ ವಿಪರೀತ ಅನಿಸಿದರೆ ಒಬ್ಬನೇ ಹೋಗಿ ಕೇಳುವುದಕ್ಕಿಂತ ನಾಲ್ಕು ಮಂದಿ ಸಹೋದ್ಯೋಗಿಗಳ ಜೊತೆ ಅದರಂತೆ ಬರೆದು ಕೊಡಲಿ, ಒಂದು ಪ್ರತಿ ತನ್ನಲ್ಲಿ ಇಟ್ಟುಕೊಳ್ಳಲಿ.